ಎರಡು ಕೊಳಲಿನ ಬಾಖ್ ಸೊನಾಟಾ, ಒಂದೇ ಕೊಳಲಿನಲ್ಲಿ: ನನ್ನ ಅನುಭವ

ಜರ್ಮನ್ ಸಂಯೋಜಕ ಬಾಖ್‌ನ ಜಿ ಮೇಜರ್ ಟ್ರಿಯೊ ಸೊನಾಟಾ, ಅಂದರೆ ಮೂರು ದನಿಯ ಕೃತಿ. ಬಾಖ್ ಕೃತಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಬಿಡಬ್ಲ್ಯುವಿ 1039. ಎರಡು ಅಡ್ಡಕೊಳಲು, ಜೊತೆಗೆ ಬಾಸ್, ಅಂದರೆ ಕೆಳಗಿನ ದನಿ. ಎರಡನೇ ಕೊಳಲಿನ ಭಾಗವನ್ನು ಕೀಬೋರ್ಡಿನ ಬಲಗೈಗೆ, ಬಾಸನ್ನು ಎಡಗೈಗೆ ಕೊಡುತ್ತೇನೆ ಅಂದಾಗ ಬೇಡ ಅನ್ನದವರಿಲ್ಲ. ಈಗ ನಾಲ್ಕೂ ಮೂವ್‌ಮೆಂಟ್ (ಕೃತಿಯ ಖಂಡ) ಕೊಳಲಿನವರು ಮತ್ತು ಕೀಬೋರ್ಡಿನಲ್ಲಿ ನಾನು, ಇಬ್ಬರೇ ನುಡಿಸುತ್ತೇವೆ, ಮೂರು ದನಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಇದೇ ಸಂಗೀತವನ್ನು ಬಾಖ್ ಗಾಂಬಾ (ಚೆಲ್ಲೊ ಹೋಲುವ ಹಳೆಯ ತಂತಿವಾದ್ಯ) ಮತ್ತು ಹಾರ್ಪ್ಸಿಕಾರ್ಡ್‌ಗೆ (ತಂತಿ ಮೀಟುವ ಹಳೆಯ ಕೀಬೋರ್ಡ್) ಬಿಡಬ್ಲ್ಯುವಿ 1027 ಆಗಿ ಇಳಿಸಿದ್ದಾನೆ. ಆ ದಾರಿ ಹಿಡಿದೆ, ಅಷ್ಟೆ.

ಉಳಿದ ದುಡ್ಡು ಕಡಿಮೆಯಲ್ಲ. ಎರಡನೇ ಕೊಳಲಿನವರಿಗೆ ರಿಹರ್ಸಲ್‌ಗೆ ಎರಡು ಸಾವಿರದಂತೆ ಎಂಟು ಸಲ, ಬಾಸ್ ನುಡಿಸುವ ಚೆಲ್ಲೊದವರಿಗೆ ಬೇರೆ. ಖರ್ಚಾದದ್ದು 415ರ ಶ್ರುತಿಯ (ಎ ಸ್ವರ 415 ಹರ್ಟ್ಜ್, ಇಂದಿನ 440ಕ್ಕಿಂತ ಅರ್ಧ ಸ್ವರ ಕೆಳಗೆ) ಪ್ಲಾಸ್ಟಿಕ್ ಬ್ಯಾರೋಕ್ ಕೊಳಲಿಗೆ, ಅಂದರೆ ಬಾಖ್ ಕಾಲದ ಮಾದರಿಯದಕ್ಕೆ, ತರಿಸಿದ್ದೂ ಸೇರಿ ಮೂವತ್ತು ಸಾವಿರದ ಆಸುಪಾಸು. ಹಾರ್ಪ್ಸಿಕಾರ್ಡ್ ದನಿ ಕೊಡುವ ಡಿಜಿಟಲ್ ಪಿಯಾನೊ ಮನೆಯಲ್ಲೇ ಇತ್ತು.

ಮೊದಲು ಸೋತದ್ದು ನಿಧಾನಗತಿಯ ಮೂವ್‌ಮೆಂಟ್ ಅಡಾಜಿಯೊದಲ್ಲಿ. ಕೊಳಲು ಉದ್ದ ಸ್ವರವನ್ನು ಎಳೆದು ನಿಲ್ಲಿಸುತ್ತದೆ, ಹಾರ್ಪ್ಸಿಕಾರ್ಡ್ ದನಿ ಅರ್ಧಕ್ಕೇ ಆರಿಹೋಗುತ್ತದೆ. ಪ್ರತಿ ದೊಡ್ಡ ಬೀಟಿಗೂ ಮತ್ತೆ ಒತ್ತಿ ನೋಡಿದೆ, ಬಾಗಿಲು ಬಡಿದ ಹಾಗಾಯಿತು. ಕೊನೆಗೆ ಟ್ರಿಲ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳನ್ನು ಬೇಗಬೇಗ ಒಂದಾದ ಮೇಲೊಂದು ನುಡಿಸುವುದು: ಮೇಲಿನ ಸ್ವರದಿಂದ ನಿಧಾನವಾಗಿ ಶುರು, ಕೊಳಲು ಓಡುವಾಗ ತೆಳುವಾಗಿ, ಕೊಳಲು ನಿಂತಾಗ ಬಿಗಿಯಾಗಿ. ಬಲಗೈ ಭಾಗಕ್ಕೆ ಬಿಡುವು ಬಂದ ಜಾಗಗಳಲ್ಲಿ ಬಾಸಿನ ಮೇಲೆ ಮೂರು ಸ್ವರದ ಕಾರ್ಡ್ ತುಂಬಬೇಕು. ಬಿಟ್ಟರೆ ಅಲ್ಲಿ ಹೊಟ್ಟೆ ಖಾಲಿ ಖಾಲಿ ಕೇಳುತ್ತದೆ.

ಶ್ರುತಿಯ ವಿಷಯಕ್ಕೆ ಎರಡು ವಾರ ಹೋಯಿತು. ಪಿಯಾನೊಗೆ ಮೀನ್‌ಟೋನ್ ಹಾಕಿದೆ, ಕೆಲವು ಕಾರ್ಡ್‌ಗಳನ್ನು ಶುದ್ಧವಾಗಿಟ್ಟು ಉಳಿದವನ್ನು ಕೆಡಿಸುವ ಹಳೆಯ ಶ್ರುತಿ ಪದ್ಧತಿ. ಬೇಸ್, ಅಂದರೆ ಅದಕ್ಕೆ ಆಧಾರವಾದ ಸ್ವರ, ಸಿ. ಜಿ ಮೇಜರ್ ಸಕ್ಕರೆಯಂತಿತ್ತು. ಮೂರನೇ ಮೂವ್‌ಮೆಂಟ್ ಇ ಮೈನರ್, ಅಲ್ಲಿ ಡಿ ಶಾರ್ಪ್ ಬೇಕು. ಬೇಸ್ ಸಿ ಆದಾಗ ಆ ಕೀಲಿಯಲ್ಲಿ ಕೂತಿರುವುದು ಇ ಫ್ಲ್ಯಾಟ್, ಬೇಕಾದ್ದಕ್ಕಿಂತ 41 ಸೆಂಟ್ ಮೇಲೆ (ಅರ್ಧ ಸ್ವರಕ್ಕೆ ನೂರು ಸೆಂಟ್). ಬಿ ಮೇಜರ್ ಕಾರ್ಡ್ ಕಿವಿ ಕಿತ್ತುಹೋಗುವ ಹಾಗೆ ಅಳುತ್ತದೆ. ಬೇಸನ್ನು ಜಿ ಮಾಡಿದರೆ ಡಿ ಶಾರ್ಪ್ ಸರಿಯಾಗುತ್ತದೆ, ಆದರೆ ಬಿ ಮೈನರ್ ಕಡೆ ಹೊರಳಿದಾಗ ಎ ಶಾರ್ಪ್ ಕೈಕೊಡುತ್ತದೆ. ಕೊನೆಗೆ ಎಲ್ಲ ಕಾರ್ಡ್‌ಗಳೂ ಸಹಿಸುವಂತಿರುವ ಇನ್ನೊಂದು ಹಳೆಯ ಶ್ರುತಿ ಪದ್ಧತಿ ವಲ್ಲೊಟ್ಟಿಗೆ ಬಂದೆ. ಬಿ–ಡಿ ಶಾರ್ಪ್ 408 ಸೆಂಟ್, ಚೂರು ಅಗಲ, ಆದರೆ ಕೊಳಲು ಅದರ ಜೊತೆ ಬಾಳುತ್ತದೆ.

ಇನ್ನೊಂದು ಎಡವಟ್ಟು: 415 ಸಿಗಲೆಂದು ಟ್ರಾನ್ಸ್‌ಪೋಸ್ ಮೈನಸ್ ಒಂದು, ಅಂದರೆ ಎಲ್ಲ ಸ್ವರವೂ ಅರ್ಧ ಸ್ವರ ಕೆಳಗೆ, ಹಾಕಿದ್ದೆ. ನನ್ನ ಪಿಯಾನೊದಲ್ಲಿ ಟೆಂಪರಮೆಂಟ್ (ಶ್ರುತಿ ಪದ್ಧತಿ) ಕೇಳುವ ಸ್ವರಕ್ಕೆ ಅಂಟಿಕೊಂಡಿದೆ, ಒತ್ತುವ ಕೀಲಿಗಲ್ಲ. ಸಿ ಬೇಸ್ ಬೇಕಿದ್ದರೆ ಬಿ ಅಂತ ಕೊಡಬೇಕು. ಇದು ತಿಳಿಯುವ ತನಕ ಕೊಳಲನ್ನೇ ಬೈದುಕೊಂಡಿದ್ದೆ. ಸಿ–ಇ ಒಟ್ಟಿಗೆ ಒತ್ತಿ, ದನಿಯಲ್ಲಿ ಏಳುವ ಏರಿಳಿತದ ಅಲೆ ನಿಧಾನವಿದೆಯೇ ನೋಡಿ, ಆಮೇಲೆ ಮುಂದಕ್ಕೆ ಹೋಗಿ. ಹಾರ್ಪ್ಸಿಕಾರ್ಡ್‌ನಲ್ಲಿ ಜೋರಾಗಿ ಒತ್ತಿದರೂ ದನಿ ಜೋರಾಗದು, ಹಾಗಾಗಿ ಪಿಯಾನೊದ ಕೀ ಟಚ್ ಆಫ್ ಮಾಡಿ.

ಉಸಿರು ಇನ್ನೊಂದು ತಲೆನೋವು. ಎರಡು ಕೊಳಲಿದ್ದಾಗ ಒಬ್ಬರ ಉಸಿರಿನ ಸಂದು ಇನ್ನೊಬ್ಬರ ದನಿಯಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಮುಚ್ಚುವುದಿಲ್ಲ. ಬಲಗೈ ಮುಖ್ಯ ಧಾಟಿಯನ್ನು (ಥೀಮ್) ಎತ್ತಿಕೊಳ್ಳುವ ಬಾರಿನಲ್ಲಷ್ಟೇ (ತಾಳದ ಆವರ್ತ) ಉಸಿರಿನ ಗುರುತು ಹಾಕಿದ್ದೇನೆ. ವೇಗದ ಕೊನೆಯ ಮೂವ್‌ಮೆಂಟ್ ಪ್ರೆಸ್ಟೊಗೆ ಅಂಥ ಹತ್ತು-ಹನ್ನೆರಡು ಗುರುತು ಸಾಕಾಯಿತು.

ಪ್ರೆಸ್ಟೊದಲ್ಲಿ ಕಳೆ ಬರಲೆಂದು 8 ಅಡಿ (ಬರೆದ ಎತ್ತರದ ದನಿ) ಜೊತೆ 4 ಅಡಿಯ (ಒಂದು ಸಪ್ತಕ ಮೇಲಿನ) ದನಿಯನ್ನೂ ಸೇರಿಸಿದ್ದೆ. ಎರಡೂ ಭಾಗ ಒಂದನ್ನೊಂದು ದಾಟುತ್ತಲೇ ಇರುವ ಸಂಗೀತ ಇದು. 4 ಅಡಿ ಬಂದ ಕೂಡಲೇ ಎರಡನೇ ದನಿ ಸದಾ ಕೊಳಲಿನ ತಲೆ ಮೇಲೆ. ತೆಗೆದುಹಾಕಿದೆ. ಬರೀ 8 ಅಡಿ, ಸ್ಪೀಕರ್ ಕೊಳಲಿನವರ ಎಡಕ್ಕೆ, ಸೊಂಟದ ಎತ್ತರಕ್ಕೆ.