ಹಳೆಯ ಹೊಲಿಗೆ ಯಂತ್ರದ ಮೋಟಾರನ್ನು ಹುಡುಕಿ ಮತ್ತೆ ಓಡಿಸುವ ಬಗೆ

ಹೊಲಿಗೆ ಯಂತ್ರದ ಹಿಂಬದಿಗೆ ಸ್ಕ್ರೂ ಹಾಕಿ ಕೂರಿಸುವ ಮುಷ್ಟಿಗಾತ್ರದ ಕಪ್ಪು ಮೋಟಾರು ಕಾಸರಗೋಡು ಸೀಮೆಯಲ್ಲಿ ಈಗಲೂ ಸಿಗುತ್ತದೆ. ಹುಡುಕಬೇಕಾದ ಜಾಗಗಳು ಮೂರು: ಹಳೆಯ ಮನೆಗಳ ಅಟ್ಟ, ಬಾಗಿಲು ಹಾಕುತ್ತಿರುವ ಟೈಲರ್ ಅಂಗಡಿ, ಗುಜರಿ ಅಂಗಡಿ. ಗುಜರಿಯವರಿಗೆ ಮೋಟಾರೆಂದರೆ ಅದರೊಳಗಿನ ತಾಮ್ರ ಮಾತ್ರ. ಬಂದ ದಿನವೇ ಸುತ್ತಿಗೆಯಿಂದ ಒಡೆದು ತಂತಿಯನ್ನು ಬೇರ್ಪಡಿಸಿಬಿಡುವುದುಂಟು. ಆದುದರಿಂದ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಪರಿಚಯದ ಅಂಗಡಿಯವರಲ್ಲಿ ಮೊದಲೇ ಹೇಳಿಟ್ಟು, ತಾಮ್ರದ ಬೆಲೆಗಿಂತ ತುಸು ಹೆಚ್ಚು ಕೊಡಲು ಒಪ್ಪಿಕೊಳ್ಳುವುದು ಒಳ್ಳೆಯದು. ಕೊಳ್ಳುವಾಗ ಶಾಫ್ಟನ್ನು (ತಿರುಗುವ ನಡುದಂಡವನ್ನು) ಬೆರಳಿನಿಂದ ತಿರುಗಿಸಿ ನೋಡಬೇಕು, ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡುಗಳ, ಅಂದರೆ ಬ್ರಷ್ಷುಗಳ, ಎರಡೂ ಬದಿಯ ಮುಚ್ಚಳಗಳು ಇವೆಯೇ ಎಂದು ಗಮನಿಸಬೇಕು, ಗಾಳಿಕಿಂಡಿಗೆ ಮೂಗು ಹಿಡಿದು ಸುಟ್ಟ ವಾರ್ನಿಷಿನ ವಾಸನೆ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಶಾಫ್ಟ್ ಬಿಗಿದಿದ್ದರೆ ಚಿಂತೆಯಿಲ್ಲ, ಅದು ಬಹುಪಾಲು ಒಣಗಿದ ಎಣ್ಣೆಯ ಕಾಟ; ಸುಟ್ಟ ವಾಸನೆಯಿದ್ದರೆ ಮಾತ್ರ ಬಿಟ್ಟುಬಿಡುವುದೇ ಲೇಸು.

ಬಳಿಕ ಮೋಟಾರಿನ ಮೈಮೇಲಿನ ತಗಡಿನ ಫಲಕವನ್ನು ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿ ಓದಬೇಕು. ಏಸಿ ವಿದ್ಯುತ್ತಿನ ಆವರ್ತನವನ್ನು ಅಳೆಯುವ ಹರ್ಟ್ಸ್ ಎಂಬ ಹೆಸರನ್ನು ಅಂತರರಾಷ್ಟ್ರೀಯ ಮಾನಗಳ ಸಮ್ಮೇಳನವು ಅಂಗೀಕರಿಸಿದ್ದು 1960ರಲ್ಲಿ. ಅದರ ಬದಲು ‘ಸೈಕಲ್ಸ್’ ಎಂದು ಬರೆದಿದ್ದರೆ ಮೋಟಾರು ಆ ಕಾಲದ ಆಸುಪಾಸಿನದೋ ಅದಕ್ಕೂ ಹಿಂದಿನದೋ ಆಗಿರುವ ಸಂಭವ ಹೆಚ್ಚು. ವಯಸ್ಸಿಗಿಂತ ಮುಖ್ಯವಾದುದು ವೋಲ್ಟೇಜು. ನಮ್ಮ ಜಿಲ್ಲೆಯ ಮನೆಗಳಿಗೆ ಗಲ್ಫ್‌ನಿಂದ ಬಂದ ಸಾಮಾನುಗಳು ಬಹಳ, ಅದರಲ್ಲೂ ಸೌದಿಯ ಮನೆಗಳಲ್ಲಿ ದೀರ್ಘಕಾಲ 127 ವೋಲ್ಟ್, 60 ಹರ್ಟ್ಸ್ ವಿದ್ಯುತ್ತೇ ಬಳಕೆಯಲ್ಲಿತ್ತು. ಅಲ್ಲಿಂದ ಬಂದ 110 ಅಥವಾ 127 ವೋಲ್ಟಿನ ಮೋಟಾರನ್ನು ಇಲ್ಲಿಯ 230 ವೋಲ್ಟಿಗೆ ಸಿಕ್ಕಿಸಿದರೆ ಕ್ಷಣಗಳಲ್ಲಿ ಸುಡುತ್ತದೆ. ಅದಕ್ಕೆ ವೋಲ್ಟೇಜನ್ನು ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಹರ್ಟ್ಸಿನ ವ್ಯತ್ಯಾಸ ಮಾತ್ರ ಬ್ರಷ್ ಇರುವ ಈ ಬಗೆಯ ಮೋಟಾರಿಗೆ ಲೆಕ್ಕಕ್ಕಿಲ್ಲ, ಏಕೆಂದರೆ ಇದು ಏಸಿಯಲ್ಲೂ ಡೀಸಿಯಲ್ಲೂ ಓಡುವ ಜಾತಿಯದು.

ತಂದೊಡನೆ ಪ್ಲಗ್ಗಿಗೆ ಹಾಕಿ ನೋಡುವ ಚಪಲವನ್ನು ತಡೆದುಕೊಳ್ಳಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಕಡಲಿನ ಉಪ್ಪುಗಾಳಿಯೂ ತಾಗುವ ಈ ಊರಿನಲ್ಲಿ ಹಳೆಯ ಮೋಟಾರು ಸವೆದು ಕೆಡುವುದಕ್ಕಿಂತ ತೇವ ಹೀರಿ ಕೆಡುವುದೇ ಹೆಚ್ಚು. ತಂತಿಗೆ ಸುತ್ತಿದ ಹತ್ತಿನೂಲೂ ಕಾಗದವೂ ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡಿರುತ್ತವೆ. ಆ ಸ್ಥಿತಿಯಲ್ಲಿ ಕರೆಂಟು ಕೊಟ್ಟರೆ ಉಳಿಯಬಹುದಾಗಿದ್ದ ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಸುಟ್ಟುಹೋಗುತ್ತದೆ. ಸಾಧಾರಣ ಮಲ್ಟಿಮೀಟರಿನಿಂದ ಈ ದೋಷ ತಿಳಿಯುವುದಿಲ್ಲ. ತೋಟದ ಪಂಪುಗಳನ್ನು ರಿಪೇರಿ ಮಾಡುವ ವೈಂಡಿಂಗ್ ಅಂಗಡಿಗೆ ಒಯ್ದು, ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಎಂಬ ಮೀಟರಿನಲ್ಲಿ ತಂತಿಗೂ ಮೋಟಾರಿನ ಮೈಗೂ ನಡುವಿನ ಇನ್ಸುಲೇಷನ್ ಅಳೆಸಬೇಕು. ಕೆಪಾಸಿಟರ್ ಇದ್ದರೆ ಅಳೆಸುವ ಮೊದಲೇ ಅದನ್ನು ಬಿಡಿಸಿರಬೇಕು. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಒಣಗಿಸದೆ ಗತಿಯಿಲ್ಲ.

ಒಣಗಿಸುವುದಕ್ಕೆ ಗಾಳಿಕಿಂಡಿಯಿರುವ ತಗಡಿನ ಡಬ್ಬವೊಂದರಲ್ಲಿ ಬಿಚ್ಚಿದ ಮೋಟಾರನ್ನಿಟ್ಟು, ತಾಗದಷ್ಟು ದೂರದಲ್ಲಿ 60 ವ್ಯಾಟಿನ ಹಳೆಯ ಮಾದರಿಯ ಫಿಲಮೆಂಟ್ ಬಲ್ಬನ್ನು ಒಂದೆರಡು ದಿನ ಉರಿಸಿದರೆ ಸಾಕು. ಅಡಿಕೆ ಒಣಗುವ ಅಂಗಳದ ಬಿಸಿಲೂ ಆಗುತ್ತದೆ, ಆದರೆ ಇಬ್ಬನಿ ಬೀಳುವ ಮೊದಲೇ ಒಳಗೆ ತರಬೇಕು. ಎಲ್‌ಇಡಿ ಬಲ್ಬಿನಲ್ಲಿ ಬೇಕಾದಷ್ಟು ಕಾವಿಲ್ಲ.

ಬಿಚ್ಚುವಾಗ ಮೊದಲು ಕಾರ್ಬನ್ ಬ್ರಷ್ಷುಗಳನ್ನು ತೆಗೆದು, ಯಾವುದು ಯಾವ ಬದಿಯದು, ಯಾವ ಮುಖ ಮೇಲಿತ್ತು ಎಂದು ಗುರುತು ಹಾಕಿಡಬೇಕು. ಸವೆದ ಬಾಗು ಕಮ್ಯುಟೇಟರಿಗೆ, ಅಂದರೆ ಬ್ರಷ್ ತಾಗುವ ತಿರುಗುವ ತಾಮ್ರದ ಉರುಳೆಗೆ, ಹೊಂದಿಕೊಂಡಿರುವುದರಿಂದ ತಿರುಗಿಸಿ ಹಾಕಿದರೆ ಕಿಡಿ ಹೆಚ್ಚುತ್ತದೆ. ಬ್ರಷ್ ತೀರ ಗಿಡ್ಡವಾಗಿದ್ದರೆ ಮಿಕ್ಸಿಯ ಬ್ರಷ್ಷನ್ನು ಕೊಂಡು, ಮರಳುಕಾಗದದ ಮೇಲೆ ಉಜ್ಜಿ ಅಳತೆಗೆ ತರಬಹುದು, ಏಕೆಂದರೆ ಮಿಕ್ಸಿಯೊಳಗೆ ಇರುವುದೂ ಇದೇ ಜಾತಿಯ ಮೋಟಾರು. ಕಮ್ಯುಟೇಟರಿನ ತಾಮ್ರಪಟ್ಟಿಗಳು ಬಿಡಿಬಿಡಿಯಾಗಿದ್ದು, ನಡುವಿನ ಅಭ್ರಕದ ಗೀರುಗಳಲ್ಲಿ ಕರಿ ಪುಡಿ ತುಂಬಿರುತ್ತದೆ. ಅದನ್ನು ಮರದ ಮೊನಚು ಕಡ್ಡಿಯಿಂದ ಕೆದಕಿ ತೆಗೆದು, ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಒರೆಸಿ, ಕಲೆಯುಳಿದರೆ ಮಾತ್ರ ಬಹಳ ನುಣುಪಾದ ಮರಳುಕಾಗದವನ್ನು ತಾಗಿಸಬೇಕು. ಎಮರಿ ಪೇಪರ್ ಕೂಡದು; ಅದರ ಗಟ್ಟಿ ಕಣಗಳು ತಾಮ್ರದಲ್ಲಿ ಕಚ್ಚಿಕೊಂಡು ಬ್ರಷ್ಷನ್ನು ತೇಯುತ್ತವೆ. ಪಟ್ಟಿಗಳು ಕನ್ನಡಿಯಂತೆ ಹೊಳೆಯಬೇಕೆಂಬ ಹಟವೂ ಬೇಡ, ತೆಳು ಕಂದುಬಣ್ಣದ ಪೊರೆ ಆರೋಗ್ಯದ ಲಕ್ಷಣ.

ಶಾಫ್ಟ್ ಕೂತು ತಿರುಗುವ ಲೋಹದ ಬಳೆಗಳಾದ ಬುಷ್ಷುಗಳಿಗೆ ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮ ಕಡೆ ಎಷ್ಟು ಸಹಜವೋ ಅಷ್ಟೇ ಹಾನಿಕರ. ಅದು ಕಾಲಕ್ರಮದಲ್ಲಿ ಅಂಟಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ. ಶಾಫ್ಟ್ ಬಿಗಿದ ಮೋಟಾರುಗಳಲ್ಲಿ ಅದರದೇ ಪಾಲು ದೊಡ್ಡದೆಂದು ನನ್ನ ಎಣಿಕೆ. ಹಳೆಯ ಅಂಟನ್ನು ಸೀಮೆಎಣ್ಣೆಯಿಂದ ಒರೆಸಿ, ಫೆಲ್ಟಿನ ಬತ್ತಿಯಿದ್ದರೆ ಅದಕ್ಕೆ ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಮೂರು ಹನಿ ಕುಡಿಸಿದರೆ ಸಾಕು. ಎಣ್ಣೆ ಹೆಚ್ಚಾಗಿ ಕಮ್ಯುಟೇಟರಿಗೆ ಹರಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಒಳಗಿನ ರಬ್ಬರ್ ತಂತಿಯನ್ನು ಬೆರಳಿನಲ್ಲಿ ಮಡಚಿದಾಗ ಪುಡಿಪುಡಿಯಾಗಿ ಉದುರಿದರೆ ಪೂರ್ತಿ ಬದಲಿಸಬೇಕು. ರೇಡಿಯೋದ ಗುರುಗುರು ತಡೆಯಲು ಹಾಕಿದ್ದ ಹಳೆಯ ಕಾಗದದ ಕೆಪಾಸಿಟರನ್ನು ಎಸೆದು, ಅದೇ ಅಳತೆಯ, ಮೈನ್ಸಿಗೆಂದೇ ತಯಾರಿಸಿದ ಹೊಸತನ್ನು ಹಾಕಬೇಕು. ಎರಡು ಪಿನ್ನಿನ ವಯರಿನ ಬದಲು ಮೂರೆಳೆಯ ವಯರನ್ನು ತಂದು, ಮೈ ಲೋಹದ್ದಾಗಿದ್ದರೆ ಅರ್ತಿಂಗ್ ಎಳೆಯನ್ನು ಅದಕ್ಕೆ ಸ್ಕ್ರೂ ಹಾಕಿ ಬಿಗಿಯಬೇಕು. ಬಣ್ಣವನ್ನೂ ಫಲಕವನ್ನೂ ಇದ್ದಂತೆಯೇ ಬಿಡಬೇಕೆಂಬುದು ನನ್ನ ಅಭಿಪ್ರಾಯ. ಹೊಸ ಪೇಂಟು ಬಳಿದ ಮೋಟಾರು ಹಳೆಯದಾಗಿ ಉಳಿಯುವುದಿಲ್ಲ.

ಮೊದಲ ಸಲ ಕರೆಂಟು ಕೊಡುವಾಗ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇರುವ ಲೈನಿನಲ್ಲಿ, 100 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ, ಅಂದರೆ ಕರೆಂಟು ಬಲ್ಬಿನ ಮೂಲಕವೇ ಮೋಟಾರಿಗೆ ಹೋಗುವಂತೆ, ಜೋಡಿಸಬೇಕು. ಬಲ್ಬ್ ಮಂದವಾಗಿ ಉರಿದು ಮೋಟಾರು ನಿಧಾನವಾಗಿ ತಿರುಗಿದರೆ ಎಲ್ಲವೂ ಸರಿ. ಬಲ್ಬ್ ಪೂರ್ಣ ಪ್ರಕಾಶದಿಂದ ಉರಿದು ಮೋಟಾರು ಅಲುಗದಿದ್ದರೆ ಎಲ್ಲೋ ಶಾರ್ಟ್ ಇದೆ. ಬಲ್ಬೇ ಹತ್ತದಿದ್ದರೆ ಬ್ರಷ್ ತಾಗುತ್ತಿಲ್ಲ ಅಥವಾ ತಂತಿ ಕಡಿದಿದೆ. ಬಲ್ಬನ್ನು ತೆಗೆದ ಮೇಲೆ ಯಂತ್ರಕ್ಕೆ ಬೆಲ್ಟ್ ಹಾಕಿಯೇ ಓಡಿಸಬೇಕು, ಏಕೆಂದರೆ ಹೊರೆಯಿಲ್ಲದ ಈ ಬಗೆಯ (ಸೀರೀಸ್) ಮೋಟಾರು ವೇಗವನ್ನು ಏರಿಸುತ್ತಲೇ ಹೋಗುತ್ತದೆ. ಬ್ರಷ್ಷಿನ ತುದಿಯಲ್ಲಿ ಸಣ್ಣ ನೀಲಿ ಕಿಡಿಗಳು ಸಹಜ. ಕಮ್ಯುಟೇಟರಿನ ಸುತ್ತ ಬಳೆಯಂತೆ ಕಿಡಿ ಓಡಿದರೆ ತಕ್ಷಣ ನಿಲ್ಲಿಸಿ ಆರ್ಮೇಚರನ್ನು (ತಿರುಗುವ ಸುರುಳಿಭಾಗವನ್ನು) ಹೊಸದಾಗಿ ತಂತಿ ಸುತ್ತಿಸಲು ಕೊಡಬೇಕು. ಹತ್ತು ನಿಮಿಷ ಓಡಿದ ಮೇಲೆ ಪ್ಲಗ್ ಕಿತ್ತು ಮೈಮುಟ್ಟಿ ನೋಡಿದಾಗ ಕೈಯಿಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ಬುಷ್ಷು ಬಿಗಿಯೋ ಎಂದು ಮತ್ತೆ ನೋಡಬೇಕು. ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆಯಲ್ಲಿ ವಾರಕ್ಕೊಮ್ಮೆಯಾದರೂ ಸ್ವಲ್ಪ ಹೊತ್ತು ಹೊಲಿಗೆಗೆ ಹಚ್ಚಿದರೆ ಅದರ ಕಾವಿಗೇ ಒಳಗಿನ ತೇವ ಆರುತ್ತದೆ.