50 ಪರ್ಸೆಂಟ್ ಅಂದರೆ ಯಾವುದರ 50?

2024ರ ಮೇ ತಿಂಗಳಲ್ಲಿ ತಂಗಿಯ ಪ್ಲಸ್ ಟು, ಅಂದರೆ ಹನ್ನೆರಡನೇ ಕ್ಲಾಸಿನ ರಿಸಲ್ಟ್ ಬಂದ ವಾರವೇ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಿಂದ ಫೋನ್ ಬಂತು. ಮಾರ್ಕು ಚೆನ್ನಾಗಿದೆ, ಇಂಜಿನಿಯರಿಂಗ್ ಸೀಟು ಇದೆ, 50 ಪರ್ಸೆಂಟ್ ಸ್ಕಾಲರ್‌ಶಿಪ್ ಕೊಡುತ್ತೇವೆ, ಮೂರು ದಿನದೊಳಗೆ 25,000 ಕಟ್ಟಿ ಅಂದರು. ಮನೆಯಲ್ಲಿ ಎಲ್ಲರಿಗೂ ಖುಷಿ. ಅಪ್ಪ ಆಗಲೇ ಅಟ್ಟದಲ್ಲಿದ್ದ ಹಳೆ ಅಡಿಕೆ ಮಾರುವ ಮಾತು ತೆಗೆದರು. ನಾನು ಕೇರಳದ ಕಾಸರಗೋಡಿನ ಬದಿಯಡ್ಕ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಟೀಚರ್, ಮನೆಯ ಲೆಕ್ಕ ಬರೆಯುವವಳೂ ನಾನೇ. ಎರಡು ದಿನ ತಡೆಯಿರಿ ಅಪ್ಪ, ಒಮ್ಮೆ ಬರೆದು ನೋಡುತ್ತೇನೆ ಅಂದೆ.

ಸೊಸೈಟಿಯವರು ಕೊಟ್ಟ ಡೈರಿಯ ಖಾಲಿ ಪುಟದಲ್ಲಿ ಬರೆದೆ. ಟ್ಯೂಷನ್ ಫೀಸ್ ವರ್ಷಕ್ಕೆ 2,40,000, ಅರ್ಧ ಬಿಟ್ಟರೆ 1,20,000, ನಾಲ್ಕು ವರ್ಷಕ್ಕೆ 4,80,000. ನಮ್ಮೆಲ್ಲರ ತಲೆಯಲ್ಲಿದ್ದ ಲೆಕ್ಕ ಇಷ್ಟೇ. ಆಮೇಲೆ ಅವರಿಗೇ ಫೋನ್ ಮಾಡಿ, ಟ್ಯೂಷನ್ ಬಿಟ್ಟು ಬೇರೆ ಏನೆಲ್ಲ ಕಟ್ಟಬೇಕು, ಎಲ್ಲವನ್ನೂ ಮೇಲ್‌ನಲ್ಲಿ ಕಳಿಸಿ ಅಂತ ಕೇಳಿದೆ. ಎರಡು ಸಲ ನೆನಪಿಸಿದ ಮೇಲೆ ಪಟ್ಟಿ ಬಂತು. ಪರೀಕ್ಷೆ, ಲ್ಯಾಬ್, ಲೈಬ್ರರಿ ಎಲ್ಲ ಸೇರಿ ವರ್ಷಕ್ಕೆ 38,000. ಹಾಸ್ಟೆಲ್ ರೂಮಿಗೆ 75,000. ಮೆಸ್ಸಿಗೆ 52,000. ಮೊದಲ ವರ್ಷ ಮಾತ್ರ ಅಡ್ಮಿಷನ್ ಫೀಸ್ 15,000, ಡಿಪಾಸಿಟ್ 10,000. ಸ್ಕಾಲರ್‌ಶಿಪ್ ಇದ್ಯಾವುದಕ್ಕೂ ಇಲ್ಲ, ಟ್ಯೂಷನ್ನಿಗೆ ಮಾತ್ರ. ಮೊದಲ ವರ್ಷಕ್ಕೇ 3,10,000 ಆಯಿತು, ನಾಲ್ಕು ವರ್ಷಕ್ಕೆ 11,65,000. ಫೀಸ್ ಒಂದು ರೂಪಾಯಿಯೂ ಏರುವುದಿಲ್ಲ ಅಂದುಕೊಂಡು ಹಾಕಿದ ಲೆಕ್ಕ ಅದು.

ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು. ಪ್ರತಿ ವರ್ಷ ಸಿಜಿಪಿಎ (ಹತ್ತರಲ್ಲಿ ಲೆಕ್ಕ ಹಾಕುವ ಸರಾಸರಿ ಅಂಕ) 8 ಇರಬೇಕು, ಒಂದು ವಿಷಯವೂ ಬಾಕಿ ಉಳಿಯಬಾರದು, ಇಲ್ಲದಿದ್ದರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ. ಮೊದಲ ವರ್ಷವೇ ಅದು ಕೈತಪ್ಪಿದರೆ ಉಳಿದ ಮೂರು ವರ್ಷಕ್ಕೆ ನಾವು 3,60,000 ಜಾಸ್ತಿ ಕಟ್ಟಬೇಕು. ತಂಗಿ ಹತ್ತನೆಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಬುದ್ಧಿವಂತೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಹೊಸ ಊರು, ಹೊಸ ಭಾಷೆಯ ಪಾಠ, ಮೊದಲ ಸೆಮಿಸ್ಟರಿನಲ್ಲೇ ಎಂಟು ಬರಲೇಬೇಕು ಅನ್ನುವ ಭಾರವನ್ನು ಅವಳ ತಲೆ ಮೇಲೆ ಹೊರಿಸಲು ನನಗೆ ಮನಸ್ಸಾಗಲಿಲ್ಲ.

ಮಂಗಳೂರು ಕಡೆಯ ಇನ್ನೊಂದು ಖಾಸಗಿ ವಿಶ್ವವಿದ್ಯಾಲಯದವರು 25 ಪರ್ಸೆಂಟ್ ಮಾತ್ರ ಹೇಳಿದ್ದರು, ಹಾಗಾಗಿ ನಾವು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಅದನ್ನೂ ಅದೇ ಪುಟದ ಪಕ್ಕದಲ್ಲಿ ಬರೆದೆ. ಟ್ಯೂಷನ್ 1,80,000, ಕಳೆದು 1,35,000. ಬೇರೆ ಫೀಸ್ 20,000, ಹಾಸ್ಟೆಲ್ ಮೆಸ್ ಸೇರಿ 95,000, ಅಡ್ಮಿಷನ್ 10,000. ನಾಲ್ಕು ವರ್ಷಕ್ಕೆ 10,10,000. ಎರಡನೇ ವರ್ಷದಿಂದ ಸ್ಕಾಲರ್‌ಶಿಪ್ ಪೂರ್ತಿ ಹೋದರೂ 11,45,000, ಅಂದರೆ ಬೆಂಗಳೂರಿನಲ್ಲಿ ಸ್ಕಾಲರ್‌ಶಿಪ್ ಸಿಕ್ಕಿದ ಮೇಲಿನ ಖರ್ಚಿಗಿಂತಲೂ ಕಮ್ಮಿ. ಅಲ್ಲಿನ ಷರತ್ತು ಪಾಸಾಗುವುದು ಅಷ್ಟೇ. ಡೈರಿಯನ್ನು ಅಪ್ಪನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿ ಎರಡೂ ಸಾಲಿನ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಓದಿದರು, "ಹಾಗಾದರೆ 25 ದೊಡ್ಡದು" ಅಂದರು.

ಸೀಟು ಹಿಡಿಯಲು 25,000 ಕಟ್ಟಿದರೆ ಅದು ವಾಪಸ್ ಸಿಗುವುದಿಲ್ಲ ಅಂತಲೂ ಬೆಂಗಳೂರಿನವರು ಫೋನಿನಲ್ಲಿ ಹೇಳಿದ್ದರು, ಅದು ಸರಿಯಲ್ಲ. ಆ ವರ್ಷ ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟವರಿಗೆ ಪೂರ್ತಿ ಹಣ ವಾಪಸ್ ಕೊಡಬೇಕು ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಹೇಳಿತ್ತು. ಒರಿಜಿನಲ್ ಸರ್ಟಿಫಿಕೇಟುಗಳನ್ನು ಕಾಲೇಜಿನವರು ಇಟ್ಟುಕೊಳ್ಳುವಂತೆಯೂ ಇಲ್ಲ.

ಇನ್ನು ದುಡ್ಡು ಹೊಂದಿಸುವ ಮಾತು. ಅಡಿಕೆ ಮನೆಯವರಿಗೆ ಇದು ಗೊತ್ತಿರುತ್ತದೆ: ಫೀಸ್ ಕಟ್ಟಬೇಕಾದ ಜೂನ್, ಜುಲೈಯಲ್ಲೇ ಕೊಳೆರೋಗಕ್ಕೆ ಮದ್ದು ಬಿಡಬೇಕು, ಮೈಲುತುತ್ತು, ಸುಣ್ಣ, ಮರ ಹತ್ತುವವರ ಕೂಲಿ ಎಲ್ಲ ಒಟ್ಟಿಗೆ ಬರುತ್ತದೆ, ಹೊಸ ಅಡಿಕೆ ಒಣಗಿ ಸುಲಿದು ಕೈಗೆ ದುಡ್ಡು ಬರುವುದು ಆಮೇಲೆ ಎಷ್ಟೋ ತಿಂಗಳಿಗೆ. ಇದನ್ನೇ ಮಂಗಳೂರು ಕಡೆಯ ವಿಶ್ವವಿದ್ಯಾಲಯಕ್ಕೆ ಒಂದು ಪುಟದ ಪತ್ರ ಬರೆದು, ಎರಡನೇ ಕಂತನ್ನು ಫೆಬ್ರವರಿಯಲ್ಲಿ ಕಟ್ಟುತ್ತೇವೆ ಅಂತ ಕೇಳಿದೆ. ಒಪ್ಪಿದರು. ಬಾಯಲ್ಲಿ ಒಪ್ಪಿದ್ದನ್ನು ಮೇಲ್‌ನಲ್ಲೂ ಬರೆಸಿಕೊಂಡೆ.

ಸರಕಾರಿ ಸ್ಕಾಲರ್‌ಶಿಪ್ಪಿಗೆ ಬೇಕಾದ ಆದಾಯ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಲ್ಲಿ (ಕೇರಳದಲ್ಲಿ ಸರಕಾರಿ ಅರ್ಜಿಗಳನ್ನು ಹಾಕುವ ಜಾಗ) ಅರ್ಜಿ ಹಾಕಿದೆವು. ಅಪ್ಪನ ಹೆಸರು ಆಧಾರಿನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಮಲಯಾಳಂ ಮೂಲಕ ಹೋಗಿ ಬಂದು ಇನ್ನೊಂದು ಥರ. ಎರಡು ಹೆಸರೂ ಒಬ್ಬರದ್ದೇ ಅಂತ ವಿಲೇಜ್ ಆಫೀಸಿನಿಂದ ಬರೆಸಲು ಒಂದು ವಾರ ಹೋಯಿತು. ಕಾಸರಗೋಡಿನ ಕನ್ನಡದವರ ಮನೆಗಳಲ್ಲಿ ಇದು ಮಾಮೂಲು, ರಜೆಯಲ್ಲೇ ಎಲ್ಲರ ಹೆಸರನ್ನೂ ಒಮ್ಮೆ ಹೋಲಿಸಿ ನೋಡಿಡಿ.

ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ನಾವು ನೋಡಿದ್ದು ಎರಡು. ಒಂದು, ಕೇಂದ್ರ ಸರಕಾರದ್ದು, ಡಿಗ್ರಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000. ಮನೆಯ ಆದಾಯ 4.5 ಲಕ್ಷದೊಳಗಿರಬೇಕು, ಬೋರ್ಡಿನಲ್ಲಿ 80 ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಪರ್ಸೆಂಟ್ ಅಲ್ಲ, ಪರ್ಸೆಂಟೈಲ್, ಅಂದರೆ ಪರೀಕ್ಷೆ ಬರೆದ ನೂರು ಮಕ್ಕಳಲ್ಲಿ ಮೇಲಿನ ಇಪ್ಪತ್ತರೊಳಗೆ. ಇನ್ನೊಂದು, ತಾಂತ್ರಿಕ ಕಾಲೇಜುಗಳಿಗೆ ಒಪ್ಪಿಗೆ ಕೊಡುವ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್. ಹುಡುಗಿಯರಿಗೆ ಮಾತ್ರ, ವರ್ಷಕ್ಕೆ 50,000, ಆದಾಯ 8 ಲಕ್ಷದೊಳಗೆ. ಕಾಲೇಜಿಗೆ ಎಐಸಿಟಿಇ ಒಪ್ಪಿಗೆ ಇದೆಯಾ ಅಂತ ಮೊದಲೇ ಕೇಳಬೇಕು. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ, ನಾವು ಪ್ರಗತಿಗೆ ಹಾಕಿದೆವು. ಸಿಕ್ಕಿತು, ಆದರೆ ದುಡ್ಡು ಖಾತೆಗೆ ಬಿದ್ದದ್ದು ಫೀಸ್ ಕಟ್ಟಿ ಎಷ್ಟೋ ತಿಂಗಳಾದ ಮೇಲೆ. ಅದನ್ನು ಲೆಕ್ಕದಲ್ಲಿ ಸೇರಿಸದೆ ಇದ್ದದ್ದು ಒಳ್ಳೆಯದಾಯಿತು.

ಉಳಿದದ್ದಕ್ಕೆ ಸಾಲ. ಊರಿನ ಬ್ಯಾಂಕಿನವರು ಕಾಲೇಜು ಕರ್ನಾಟಕದಲ್ಲಿದೆ, ಅಲ್ಲಿ ಕೇಳಿ ಅಂದರು, ಅಲ್ಲಿನ ಬ್ರಾಂಚಿನವರು ಮನೆ ಕೇರಳದಲ್ಲಿದೆ, ಅಲ್ಲೇ ಕೇಳಿ ಅಂದರು. ಕೊನೆಗೆ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಅದರ ಪ್ರಿಂಟ್ ಹಿಡಿದು ಊರಿನ ಬ್ರಾಂಚಿಗೇ ಹೋದೆ, ಕೆಲಸ ಆಯಿತು. 7.5 ಲಕ್ಷದವರೆಗೆ ಜಾಗ ಅಡ ಇಡಬೇಕಿಲ್ಲ, ನಮ್ಮ ಹತ್ತಿರ ಕೇಳಲೂ ಇಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಮೊದಲ ವರ್ಷ 1,50,000 ತೆಗೆದೆವು. 10 ಪರ್ಸೆಂಟ್ ಅಂದರೆ ತಿಂಗಳಿಗೆ 1,250. ಅದನ್ನು ನನ್ನ ಸಂಬಳದಿಂದ ತಿಂಗಳು ತಿಂಗಳು ಕಟ್ಟುತ್ತಿದ್ದೇನೆ, ಅಸಲಿನ ಮೇಲೆ ಬಡ್ಡಿ ಕೂಡಬಾರದು ಅಂತ.

ಒಂದು ವಿಷಯ ಮಾತ್ರ ನಮಗೆ ತಡವಾಗಿ ಗೊತ್ತಾಯಿತು. ಕನ್ನಡ ಅಥವಾ ತುಳು ಮನೆಮಾತಾಗಿದ್ದು ಕೇರಳದ ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕಿನಲ್ಲೇ ಹತ್ತು ಮತ್ತು ಹನ್ನೆರಡು ಪಾಸಾದ ಮಕ್ಕಳಿಗೆ ಗಡಿನಾಡ ಕನ್ನಡಿಗರು ಅಂತ ಕರ್ನಾಟಕದ ಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ಸರಕಾರಿ ಕೋಟಾದ ಸೀಟಿಗೆ ಅವಕಾಶ ಇದೆ. ಖಾಸಗಿ ವಿಶ್ವವಿದ್ಯಾಲಯಗಳ ಒಂದು ಪಾಲು ಸೀಟುಗಳೂ ಅದೇ ದಾರಿಯಲ್ಲಿ, ಕಮ್ಮಿ ಫೀಸಿಗೆ ಸಿಗುತ್ತವೆ. ಸಿಇಟಿ ನಡೆಸುವ ಕೆಇಎಯವರದ್ದೇ ಒಂದು ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಅರ್ಜಿ ಜನವರಿ, ಫೆಬ್ರವರಿಯಲ್ಲೇ ಮುಗಿದಿತ್ತು, ನಾವು ತಿಳಿದುಕೊಂಡದ್ದು ಜೂನ್‌ನಲ್ಲಿ. ಚಿಕ್ಕಪ್ಪನ ಮಗ ಈಗ ಪ್ಲಸ್ ಟು. ಅವನ ಅರ್ಜಿಯನ್ನು ನಾನೇ ಪಕ್ಕದಲ್ಲಿ ಕೂತು ತುಂಬಿಸಿದ್ದೇನೆ, ಕನ್ನಡ ಪರೀಕ್ಷೆಗೆ ದಿನಾ ಸಂಜೆ ಒಂದು ಪುಟ ಬರೆಸುತ್ತಿದ್ದೇನೆ.