ಎಂಜಿನ್ ತೊಳೆಯಲು ಅರ್ಧ ಬಕೆಟ್ ನೀರು ಸಾಕು

ಎರಡು ವರ್ಷದ ಹಿಂದೆ ಮುಧೋಳದಲ್ಲಿ ನಮ್ಮ ಪೆಟ್ರೋಲ್ ಕಾರು ತೊಳೆಸಿದ್ದೆ. ತೊಳೆಯುವ ಹುಡುಗ ಬಾನೆಟ್ ಎತ್ತಿ ಎಂಜಿನ್ ಮೇಲೂ ಪ್ರೆಶರ್ ಗನ್ ಹಿಡಿದ. ನೋಡಲು ಥಳಥಳ ಅಂತಿತ್ತು. ಲೋಕಾಪುರ ದಾಟುವಷ್ಟರಲ್ಲಿ ಗಾಡಿ ಜಗ್ಗತೊಡಗಿತು, ಎಂಜಿನ್ ತೊಂದರೆ ತೋರಿಸುವ ಹಳದಿ ದೀಪ ಹತ್ತಿತು. ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಯಲ್ಲಿ ನೀರು ನಿಂತು, ಪ್ಲಗ್ಗಿಗೆ ಕರೆಂಟ್ ಕೊಡುವ ಒಂದು ಕಾಯಿಲ್ ಹೋಗಿತ್ತು. ಅವತ್ತಿನಿಂದ ಈ ಕೆಲಸ ನಾನೇ ಮಾಡುತ್ತೇನೆ, ಬಾಗಲಕೋಟೆ ನವನಗರದ ನಮ್ಮ ಮನೆ ಮುಂದೆ.

ನಮ್ಮ ಕಡೆ ಎಂಜಿನ್ ಕೊಳೆ ಅಂದರೆ ಮುಕ್ಕಾಲು ಪಾಲು ಎರೆ ಮಣ್ಣಿನ ಧೂಳು. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಹಿಂದೆ ಓಡಿಸಿದರೆ ರವದಿಯ, ಅಂದರೆ ಒಣಗಿದ ಕಬ್ಬಿನೆಲೆಯ ಚೂರೂ ಸೇರುತ್ತದೆ. ಇದಕ್ಕೆ ನೀರು ಹಾಕಿದರೆ ಕೆಸರಾಗುತ್ತದೆ, ಅಷ್ಟೇ. ಹಸಿ ಎರೆ ಮಣ್ಣು ಹೇಗೆ ಅಂಟುತ್ತದೆ ಅಂತ ಹೊಲಕ್ಕೆ ಹೋದವರಿಗೆ ಗೊತ್ತಲ್ವಾ? ಹಾಗಾಗಿ ಹೆಚ್ಚಿನ ಕೆಲಸ ಒಣಗಿದ್ದಾಗಲೇ ಮುಗಿಸಬೇಕು.

ಭಾನುವಾರ ಬೆಳಿಗ್ಗೆ ಶುರು ಮಾಡುತ್ತೇನೆ. ರಾತ್ರಿಯಿಡೀ ನಿಂತ ಎಂಜಿನ್ ತಣ್ಣಗಿರುತ್ತದೆ, ಕೈ ಸುಡುವುದಿಲ್ಲ. ಮೊದಲು 10 ನಂಬರ್ ಪಾನಾದಿಂದ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚುತ್ತೇನೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಹೈಬ್ರಿಡ್ ಗಾಡಿಯಾದರೆ ಕಿತ್ತಳೆ ಬಣ್ಣದ ವೈರ್ ಹತ್ತಿರ ಕೈ ಹಾಕಲೇಬೇಡಿ, ಅದರಲ್ಲಿ ಹರಿಯುವುದು ಭಾರಿ ವೋಲ್ಟೇಜ್.

ಆಮೇಲೆ ಬಣ್ಣ ಹಚ್ಚುವ 2 ಇಂಚಿನ ಬ್ರಷ್ಷಿನಿಂದ ಮೇಲಿಂದ ಕೆಳಗೆ ಧೂಳು ಉದುರಿಸುತ್ತೇನೆ. ಮುಂದಿನ ಗ್ಲಾಸಿನ ಬುಡದಲ್ಲಿ ಸೇರಿದ ಎಲೆಗಳನ್ನು ಕೈಯಿಂದ ತೆಗೆಯುತ್ತೇನೆ. ಅವು ಮಳೆನೀರು ಹೋಗುವ ದಾರಿ ಕಟ್ಟುತ್ತವೆ. ಇಲಿ ಹಿಕ್ಕೆ ಕಂಡರೆ ಬ್ರಷ್ ಆಡಿಸಬೇಡಿ. ಗ್ಲೌಸ್, ಮಾಸ್ಕ್ ಹಾಕಿ ಫಿನಾಯಿಲ್ ನೀರು ಹನಿಸಿ ಒರೆಸಿ.

ಜಿಡ್ಡಿರುವ ಕಡೆ ಮಾತ್ರ ನೀರಿನ ಕೆಲಸ. ಅದಕ್ಕೂ ಮೊದಲು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಕಾಯಿಲ್‌ಗಳು, ಏರ್ ಫಿಲ್ಟರಿನ ಬಾಯಿ, ಇಷ್ಟಕ್ಕೂ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಜಿಡ್ಡು ಬಿಡಿಸುವ ದ್ರಾವಣ, ಅಂದರೆ ಡಿಗ್ರೀಸರ್ ಅನ್ನು ಜಿಡ್ಡಿನ ಮೇಲೆ ನೇರ ಸ್ಪ್ರೇ ಮಾಡದೆ ಬ್ರಷ್ಷಿಗೆ ಹಚ್ಚಿ ಉಜ್ಜುತ್ತೇನೆ. ಹಿಂಡಿದ ಹಸಿ ಬಟ್ಟೆಯಿಂದ ಎರಡು ಮೂರು ಸಲ ಒರೆಸಿದರೆ ಸಾಕು. ಅರ್ಧ ಬಕೆಟ್ ನೀರಲ್ಲೂ ಒಂದಿಷ್ಟು ಉಳಿದರೂ ಉಳಿಯಿತು. ಫ್ಯಾನ್ ಬೆಲ್ಟಿಗೆ ಡಿಗ್ರೀಸರ್ ಆಗಲಿ, ಪಾಲಿಶ್ ಆಗಲಿ ತಾಗಿಸುವುದಿಲ್ಲ.

ಪಕ್ಕದ ಮನೆಯ ಕಾಕಾ ಪ್ರತಿ ಸಲವೂ ಹೇಳುತ್ತಾರೆ, "ಡೀಸೆಲ್ ಹೊಡಿಯಪಾ, ಮಿಂಚ್ತೈತಿ." ಮಿಂಚುವುದು ನಿಜ. ಆದರೆ ರಬ್ಬರ್ ಪೈಪ್ ಉಬ್ಬಿ ಮೆತ್ತಗಾಗುತ್ತವೆ, ಎಣ್ಣೆ ಪಸೆಗೆ ಧೂಳು ಮತ್ತೆ ಜಾಸ್ತಿ ಹಿಡಿಯುತ್ತದೆ. ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿಯ ಭಯ ಬೇರೆ. ಕಾಕಾಗೆ ಇದನ್ನೆಲ್ಲ ವಿವರಿಸಿ ಹೇಳಿದೆ, ಈಗ ಅವರೂ ಬಟ್ಟೆ ಹಿಡಿದು ನಿಲ್ಲುತ್ತಾರೆ.

ಬ್ಯಾಟರಿ ತುದಿಯ ಬಿಳಿ ಪುಡಿಗೆ ನೀರಲ್ಲಿ ಕಲಸಿದ ಅಡುಗೆ ಸೋಡಾ. ಒರೆಸಿ ಒಣಗಿದ ಮೇಲೆ ಟರ್ಮಿನಲ್ ಬಿಗಿ ಮಾಡಿ ಮೇಲೆ ವ್ಯಾಸಲಿನ್ ಹಚ್ಚುತ್ತೇನೆ. ಬಾನೆಟ್ ಎತ್ತಿಟ್ಟು ಎರಡು ತಾಸು ಬಿಸಿಲು. ಚೀಲಗಳನ್ನೆಲ್ಲ ಎಣಿಸಿ ತೆಗೆದ ಮೇಲೆಯೇ ಸ್ಟಾರ್ಟ್. ಒಂದು ಚೀಲ ಮರೆತರೆ ಫ್ಯಾನಿಗೆ ಸಿಕ್ಕುತ್ತದೆ.

ಕಳೆದ ಸಲ ಧೂಳು ಹೋದ ಮೇಲೆ ರೇಡಿಯೇಟರ್ ಪೈಪಿನ ಕ್ಲಿಪ್ ಹತ್ತಿರ ಒಣಗಿದ ಹಸಿರು ಕಲೆ ಕಂಡಿತು. ಎಂಜಿನ್ ತಂಪಾಗಿಡುವ ದ್ರವ, ಕೂಲಂಟ್, ಹನಿಯುತ್ತಿತ್ತು. ಧೂಳಿನಡಿ ಎಷ್ಟು ದಿನದಿಂದ ಅಡಗಿತ್ತೋ. ಮೆಕ್ಯಾನಿಕ್ ಹೊಸ ಕ್ಲಿಪ್ ಹಾಕಿಕೊಟ್ಟರು. ಮರುವಾರ ಬಟ್ಟೆಯಿಂದ ಒರೆಸಿ ನೋಡಿದೆ, ಆ ಜಾಗ ಒಣಗೇ ಇತ್ತು.